ಐದು ನಿಮಿಷದ ಬೀದಿ

ಬೆಳಿಗ್ಗೆ ಎದ್ದಾಗಿನಿಂದ ವರ್ತಕರ ಸಂಘದ ಕಾರ್ಯದರ್ಶಿಗೆ ತನ್ನ ಬಲಗೈಯ ಮೇಲೆ ನಂಬಿಕೆ ಹೋಗಿತ್ತು. ಹಲ್ಲುಜ್ಜುವಾಗ ಬ್ರಷ್ಷನ್ನು ಎಡಗೈಗೆ ದಾಟಿಸಿದ. ಅಂಗಿ ತೊಡುವಾಗ, ಇಪ್ಪತ್ತು ವರ್ಷದಿಂದ ಗುಂಡಿ ಮಾರಿಕೊಂಡು ಬಂದವನು, ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಹಾಕಿಕೊಂಡು ಕನ್ನಡಿಯ ಮುಂದೆ ಓರೆಯಾಗಿ ನಿಂತ. ಆ ಕೈ ಸಾಮಾನ್ಯದ್ದಲ್ಲ. ಅದು ಬರೆದ ಅಕ್ಷರ ನೋಡಿ ನಗರಸಭೆಯ ಗುಮಾಸ್ತರು ಅರ್ಜಿಯಲ್ಲಿ ಏನಿದೆ ಎಂದು ಓದುವುದನ್ನೇ ಮರೆಯುತ್ತಿದ್ದರು. ಒಬ್ಬ ಮೇಲಧಿಕಾರಿಯಂತೂ ಚರಂಡಿಯ ಬಗ್ಗೆ ಕೊಟ್ಟ ದೂರಿಗೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿಕೊಂಡಿದ್ದ, ಚರಂಡಿ ಮಾತ್ರ ಇದ್ದ ಹಾಗೇ ಇತ್ತು. ಅಂಥ ಕೈ ಈಗ ತಟ್ಟೆಯ ಪಕ್ಕದಲ್ಲಿ ಯಾರೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿತ್ತು. ಹೆಂಡತಿ ನೋಡಿಯೇ ನೋಡಿದಳು. "ಏನ್ರೀ, ಕೈ ನೋಯ್ತಿದೆಯಾ?" ಎಂದಳು. ಇಲ್ಲವೆಂದ. "ಮತ್ತೆ ಯಾಕೆ ಅದನ್ನ ಬೇರೆಯವರ ಕೈ ನೋಡಿದ ಹಾಗೆ ನೋಡ್ತಿದೀರಾ?" ಅವನು ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದು ಎದ್ದ. ಈ ಹೆಂಗಸು ಗೊತ್ತಿದ್ದು ಆಡಿದ ಮಾತನ್ನು ಅವನು ಜೀವಮಾನದಲ್ಲಿ ಎಷ್ಟು ಸಾವಿರ ಸಲ ತಳ್ಳಿಹಾಕಿದ್ದನೋ ಲೆಕ್ಕವಿಲ್ಲ; ಗೊತ್ತಿಲ್ಲದೆ ಆಡಿದ ಮಾತೇ ಹೀಗೆ ಪಕ್ಕೆಯಲ್ಲಿ ನಾಟಿಕೊಳ್ಳುತ್ತಿತ್ತು. ಬಾಗಿಲು ದಾಟುವಾಗ ಅವಳು ಹಿಂದಿನಿಂದ, ಮೂರು ಗಂಟೆಗೆ ಅಲ್ವಾ ಸಭೆ, ಗುಂಡಿ ಸರಿ ಮಾಡ್ಕೊಂಡು ಹೋಗಿ, ಗುಂಡಿ ಅಂಗಡಿಯವರ ಮಾನ ಗುಂಡೀಲೇ ಹೋಗೋದು ಬೇಡ ಎಂದು ನಕ್ಕಳು.

ಮೂರು ಗಂಟೆಗೇ. ಇನ್ನು ಏಳು ತಾಸಿಗೆ ನಗರಸಭೆಯ ಮೇಲಂತಸ್ತಿನಲ್ಲಿ ನಮ್ಮ ಬೀದಿಯ ಹಣೆಬರಹ ತೀರ್ಮಾನವಾಗುವುದಿತ್ತು. ನಮ್ಮ ಬೀದಿ ಎಂದರೆ ಅಗಲದಲ್ಲಿ ಒಂದು ಲಾರಿ, ಒಂದು ಸೈಕಲ್ಲು ಮತ್ತು ಒಂದು ಜಗಳ ಒಟ್ಟಿಗೆ ಹಿಡಿಸುವಷ್ಟು, ಹೆಸರಿನಲ್ಲಿ ಸಮುದ್ರದಷ್ಟು. ಇಪ್ಪತ್ತೇಳು ಅಂಗಡಿ. ಅಲ್ಲಿ ಸಿಗದ ವಸ್ತುವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹಾಗಿರುವಾಗ ನಗರಸಭೆ ಹೊಸ ನಿಯಮವೊಂದನ್ನು ಮಾಡಹೊರಟಿತ್ತು: ಮುಂದಿನ ತಿಂಗಳಿಂದ ಈ ಬೀದಿಯಲ್ಲಿ ಲಾರಿ ನಿಲ್ಲಿಸಿ ಸರಕು ಇಳಿಸಲು ಬೆಳಿಗ್ಗೆ ಆರರಿಂದ ಆರೂವರೆಯವರೆಗೆ ಮಾತ್ರ ಅವಕಾಶ, ಆಮೇಲೆ ನಿಂತ ಲಾರಿಯನ್ನು ಎಳೆದುಕೊಂಡು ಹೋಗಲಾಗುವುದು. ನಿಯಮ ಓದಿದ ದಿನ ವರ್ತಕರ ಸಂಘದ ಸಭೆ ಸೇರಿತ್ತು. ಹಾಸಿಗೆ ಅಂಗಡಿಯ ಮಾವ, ಇಡೀ ಬೀದಿಗೆ ಮಾವ, ಮೇಜು ಗುದ್ದಿದ ರಭಸಕ್ಕೆ ಮೂರು ಬೀದಿಯಾಚೆ ಮಕ್ಕಳು ನಿದ್ದೆಯಿಂದ ಎದ್ದವು. ಈ ನಿಯಮ ಮಾಡಿದ ಎಂಜಿನಿಯರಿಗೆ ತಲೆ ಇದೆಯೋ ಇಲ್ಲವೋ ಎಂಬ ಬಗ್ಗೆ ಒಂದು ಗಂಟೆ ಚರ್ಚೆಯಾಗಿ ಇಲ್ಲವೆಂದು ಸರ್ವಾನುಮತದ ಠರಾವಾಯಿತು. ಆಗ ಸಂಘದ ಅಧ್ಯಕ್ಷೆ, ಗಾಜಿನ ಅಂಗಡಿಯ ಅಕ್ಕ, ಅದುವರೆಗೆ ಸುಮ್ಮನಿದ್ದವಳು, ಒಂದೇ ಒಂದು ಪ್ರಶ್ನೆ ಕೇಳಿದಳು. "ಎಲ್ಲಾ ಸರಿ. ಅರ್ಧ ಗಂಟೆ ಅನ್ನೋ ಲೆಕ್ಕ ಅವನಿಗೆ ಎಲ್ಲಿಂದ ಬಂತು?" ಇಪ್ಪತ್ತಾರು ವರ್ತಕರೂ ತಲೆಯೆತ್ತಿ ಫ್ಯಾನನ್ನು, ಅದು ಈಗತಾನೇ ಸೃಷ್ಟಿಯಾದಂತೆ, ನೋಡಿದರು. ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.

ಲೆಕ್ಕ ಎಲ್ಲಿಂದ ಬಂದಿತ್ತೆಂದು ಅವನಿಗೆ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ನಗರಸಭೆಯಿಂದ ಸಂಘಕ್ಕೆ ಒಂದು ಸಮೀಕ್ಷೆಯ ಹಾಳೆ ಬಂದಿತ್ತು. ಅಂಗಡಿಯ ಹೆಸರು, ಸರಕಿನ ಬಗೆ, ಸರಕು ಇಳಿಸಲು ತಗಲುವ ಸಮಯ, ಹೀಗೆ ಮೂರು ಕಾಲಮ್ಮು. ಹಾಳೆ ಹಿಡಿದು ಅವನೇ ಅಂಗಡಿಯಿಂದ ಅಂಗಡಿಗೆ ಹೋಗಿದ್ದ. ಮೊದಲ ಅಂಗಡಿಯ ಬಣ್ಣದವನು ನಲವತ್ತು ನಿಮಿಷ ಎಂದ. ಪಕ್ಕದವನು ಅದನ್ನು ಕೇಳಿಸಿಕೊಂಡು, ಅವನಿಗೆ ನಲವತ್ತು ಬೇಕಾ, ಪಾಪ, ನಮ್ಮ ಹುಡುಗರು ಇಪ್ಪತ್ತಕ್ಕೆ ಮುಗಿಸ್ತಾರೆ ಎಂದ. ಬಣ್ಣದವನು ಅಂಗಡಿ ಬಿಟ್ಟು ಓಡಿಬಂದು ತನ್ನದನ್ನು ಹದಿನೈದು ಮಾಡಿಸಿದ. ಪಾತ್ರೆ ಅಂಗಡಿಯವನು ಹತ್ತು. ಬೀದಿಯಲ್ಲಿ ಅಂದು ಎದ್ದ ಹುರುಪು ಕಂಡವರಿಗೇ ಗೊತ್ತು. ಸರಕು ಮಾರುವವರೆಲ್ಲ ಸಮಯ ಮಾರಲು ನಿಂತಿದ್ದರು, ಅದೂ ತಲೆಕೆಳಗಾದ ಹರಾಜು, ಕಡಿಮೆ ಕೂಗಿದವನೇ ಶೂರ. ಹಾಸಿಗೆ ಮಾವ ಗದ್ದುಗೆಯಲ್ಲಿ ಕೂತಂತೆ ಹಾಸಿಗೆಗಳ ರಾಶಿಯ ಮೇಲೆ ಕೂತು, "ಐದು ನಿಮಿಷ ಅಂತ ಬರಿ. ನಾವು ಹಾಸಿಗೆ ಇಳಿಸೋದಲ್ಲ ಕಣೋ, ಹಾರಿಸೋದು," ಎಂದಿದ್ದ. ಅಷ್ಟಾದ ಮೇಲೆ ಪಾತ್ರೆಯವನು ನಾಲ್ಕು ಎಂದ, ಯಾರೋ ಮೂರು ಎಂದರು, ಹೀಗೇ ಬಿಟ್ಟರೆ ಲಾರಿ ಬರುವ ಮೊದಲೇ ಸರಕು ಇಳಿದುಹೋಗುವ ಹಾಗಿತ್ತು. ಸಂಘದ ಘನತೆ ಕಾಯುವ ಸಲುವಾಗಿ ಕಾರ್ಯದರ್ಶಿಯೇ ಎಲ್ಲರಿಗೂ ಐದು ಎಂದು ಗೊತ್ತುಮಾಡಿದ್ದ. ಎಲ್ಲರೂ ಒಪ್ಪಿದ್ದರು. ಇದರಲ್ಲಿ ಅವನ ಪಾಪ ಇಪ್ಪತ್ತಾರರಲ್ಲಿ ಒಂದು ಪಾಲು, ಹಂಚಿಕೊಂಡದ್ದು, ಹೊರಲಾಗದ್ದೇನಲ್ಲ. ಆದರೆ ಅಂದು ಗಾಜಿನಂಗಡಿ ಮುಚ್ಚಿತ್ತು. ಅಕ್ಕ ತನ್ನ ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಪಕ್ಕದ ಊರಿನ ಆಸ್ಪತ್ರೆಗೆ ಹೋಗಿದ್ದಳು. ಹದಿನಾಲ್ಕನೆಯ ಸಾಲು ಖಾಲಿ ಉಳಿದಿತ್ತು. ಸಂಜೆ ತನ್ನ ಅಂಗಡಿಯಲ್ಲಿ ಹಾಳೆ ಮುಂದಿಟ್ಟುಕೊಂಡಾಗ, ಒಂದರ ಕೆಳಗೊಂದು ಇಪ್ಪತ್ತಾರು ಐದುಗಳು, ಒಂದೇ ಅಳತೆಯ ಗುಂಡಿಗಳನ್ನು ರಟ್ಟಿಗೆ ಹೊಲಿದ ಹಾಗೆ, ನಡುವೆ ಒಂದು ಗುಂಡಿ ಕಿತ್ತುಹೋದ ಹಾಗೆ. ಆ ಖಾಲಿಯನ್ನು ಅವನಿಗೆ ನೋಡಲಾಗಲಿಲ್ಲ. ಅಷ್ಟೇ ಕಾರಣ. ದ್ವೇಷವಲ್ಲ, ಲಾಭವಲ್ಲ, ಮರೆವೂ ಅಲ್ಲ, ಚೆಂದಕ್ಕೆ. ಅವನ ಕೈ ತಾನಾಗಿ ಹೋಗಿ ಅಲ್ಲೊಂದು ಐದು ಕೂರಿಸಿತ್ತು, ಎಲ್ಲಕ್ಕಿಂತ ಚೆಂದದ ಐದು, ಮತ್ತು ಪಕ್ಕದಲ್ಲಿ ಅವಳ ಪರವಾಗಿ ಸಹಿ.

ನಗರಸಭೆಗೆ ಹೋಗಬೇಕಾದ ಆ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಕರೆಕಳಿಸಿದಳು. ಕಾರ್ಯದರ್ಶಿ ತನ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬೀದಿ ದಾಟಿದ. ಗಾಜಿನಂಗಡಿಯ ಮುಂಭಾಗವೆಲ್ಲ ಕನ್ನಡಿ. ಹಿಂದಿನ ಉದ್ದ ಕೋಣೆಯಲ್ಲಿ ಆಳೆತ್ತರದ ಗಾಜಿನ ಹಾಳೆಗಳು ಮರದ ಚೌಕಟ್ಟಿಗೆ ಒರಗಿ, ಕಂಬಳಿಯ ಮೇಲೆ ಕಾಲೂರಿ ನಿಂತಿದ್ದವು. ಅವನು ಒಳಗೆ ಕಾಲಿಟ್ಟ ಕೂಡಲೇ ನಲವತ್ತು ಕಾರ್ಯದರ್ಶಿಗಳು ನಲವತ್ತು ದಿಕ್ಕಿನಿಂದ ಒಳಗೆ ಬಂದರು, ಒಬ್ಬನಿಗೂ ತಲೆಯೆತ್ತುವ ಧೈರ್ಯವಿರಲಿಲ್ಲ. ಅಕ್ಕ ಕನ್ನಡಿಗಳ ನಡುವೆ ನಿಂತು ಮೂರು ಗಂಟೆಯ ಮಾತನ್ನು ಅಭ್ಯಾಸ ಮಾಡುತ್ತಿದ್ದಳು. ನಗರಸಭೆಯ ಸಮಿತಿ ಮಾತಿಗೆ ಕೊಟ್ಟಿರುವುದು ಮೂರೇ ನಿಮಿಷ. ಅವಳ ಬಗ್ಗೆ ಏನು ಹೇಳಿದರೂ ಕಡಿಮೆಯೇ ಆಗುತ್ತದೆ, ಆದ್ದರಿಂದ ನಾವು ಯಾವಾಗಲೂ ಸ್ವಲ್ಪ ಹೆಚ್ಚೇ ಹೇಳುತ್ತೇವೆ: ತಿರುವಿನಲ್ಲಿ ಲಾರಿಯ ಸದ್ದು ಕೇಳಿ ಒಳಗೆ ಎಷ್ಟನೆಯ ಹಾಳೆಯ ಯಾವ ಮೂಲೆ ಬಿರುಕು ಬಿಟ್ಟಿದೆ ಎಂದು ಹೇಳುವವಳು. ಬೀದಿದೀಪಕ್ಕಾಗಿ ಒಮ್ಮೆ ನಗರಸಭೆಯ ಬೆಂಚಿನ ಮೇಲೆ ಕೂತವಳು ಏಳುವಷ್ಟರಲ್ಲಿ ಮೂವರು ಆಯುಕ್ತರು ವರ್ಗವಾಗಿ ಹೋಗಿದ್ದರು, ಬೆಂಚಿಗೆ ಅವಳ ಆಕಾರ ಬಂದಿತ್ತು, ಬೀದಿಗೆ ದೀಪ ಬಂದಿತ್ತು. ಯಾವ ಕಚೇರಿಯಲ್ಲೂ ಅವಳು ದನಿ ಏರಿಸಿದ್ದಿಲ್ಲ. ಬೇಡಿದ್ದೂ ಇಲ್ಲ. ಕಣ್ಣಾರೆ ಕಂಡದ್ದನ್ನು, ದಿನ ವಾರ ಸಮೇತ, ಮೇಜಿನ ಮೇಲೆ ಇಟ್ಟು ಕಾಯುತ್ತಾಳೆ. ಆ ಕಾಯುವಿಕೆಯ ಮುಂದೆ ಎಂಥ ಫೈಲೂ ನಾಚಿಕೊಂಡು ತಾನಾಗಿ ನಡೆದುಬರುತ್ತದೆ.

"ಕೇಳು ತಮ್ಮಾ," ಎಂದು ಅವಳು ನಿಂತಳು, ನಲವತ್ತು ಅಕ್ಕಂದಿರು ನಿಂತರು. "ಗಾಜು ಇಳಿಸೋಕೆ ಎರಡೂವರೆ ಗಂಟೆ ಬೇಕು ಸ್ವಾಮಿ. ಅರ್ಧ ಗಂಟೇಲೂ ಇಳಿಸಬಹುದು. ಆದ್ರೆ ಆಮೇಲೆ ಅದನ್ನ ಗುಡಿಸಬೇಕಾಗುತ್ತೆ. ಹೇಗಿದೆ?" ಚೆನ್ನಾಗಿದೆ ಎಂದ. ದನಿ ಯಾವುದೋ ಕನ್ನಡಿಯಿಂದ ಬಂದ ಹಾಗಿತ್ತು. ಇನ್ನು ಮುಂದೂಡಿದರೆ ಆಗದು ಎಂದುಕೊಂಡು, ಅಕ್ಕಾ, ಆ ಸಮೀಕ್ಷೆಯ ಹಾಳೆ ಇತ್ತಲ್ಲ, ನೀವು ಆಸ್ಪತ್ರೆಗೆ ಹೋದ ದಿನದ್ದು, ಎಂದು ಶುರುಮಾಡಿದ. ಅವಳು ಒಂದು ಕನ್ನಡಿಯ ಅಂಚನ್ನು ಸೆರಗಿನಿಂದ ಒರೆಸುತ್ತ, "ನಿನ್ನ ಹತ್ರ ಇದೆ ತಾನೇ? ಸಾಕು ಬಿಡು. ನೀನು ಬರೆದ ಕಾಗದ ನಾನು ಯಾವತ್ತಾದ್ರೂ ಓದಿ ಸಹಿ ಮಾಡಿದೀನಾ?" ಎಂದಳು. ಹೊಗಳಿಕೆ ಎಂದೇ ಹೇಳಿದ್ದು. ಅವನು ಒಂದು ಕ್ಷಣ, ಇವಳಾದರೂ ಒಂದು ಸಲ ನನ್ನನ್ನು ಅನುಮಾನಿಸಬಾರದಿತ್ತೇ ಎಂದು ಸಿಟ್ಟಾದ. ನಂಬಿದವರ ಮೇಲೆ ಹೀಗೆ ಸಿಟ್ಟು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಒರೆಸುವುದನ್ನು ನಿಲ್ಲಿಸದೆ, ತೀರ ಸಣ್ಣ ವಿಷಯವೆಂಬಂತೆ, ನಿಯಮ ಬಂದರೆ ತಾನು ಬಾಗಿಲು ಹಾಕುವುದೆಂದು ತೀರ್ಮಾನಿಸಿಬಿಟ್ಟಿರುವುದಾಗಿ ಹೇಳಿದಳು. ಕಾರ್ಖಾನೆಯವರಿಗೆ ಫೋನ್ ಮಾಡಿ ಕೇಳಿದ್ದಾಳೆ. ಊರಾಚೆ ಇಳಿಸಿ ಕೈಗಾಡಿಯಲ್ಲಿ ತರಿಸಿಕೊಳ್ಳುವುದಾದರೆ ಒಡೆದದ್ದಕ್ಕೆ ನಾವು ಹೊಣೆಯಲ್ಲ ಅಂದಿದ್ದಾರೆ. ಉಳಿದವರು ಹೇಗೋ ಸಂಭಾಳಿಸಿಕೊಳ್ಳುತ್ತಾರೆ, ಹಾಸಿಗೆ ಬಿದ್ದರೆ ಒಡೆಯುವುದಿಲ್ಲವಲ್ಲ. ಹೇಳಬೇಕೆಂದುಕೊಂಡ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ಕೂತು, ಅಲ್ಲೇ ವಯಸ್ಸಾಗಿ ಸತ್ತಿತು.

ಎರಡೂವರೆಗೆ ಇಪ್ಪತ್ತೇಳು ಜನರೂ ಹೊರಟರು. ಬೀದಿಯ ಎಲ್ಲ ಅಂಗಡಿಯೂ ಒಟ್ಟಿಗೆ ಬಾಗಿಲೆಳೆದ ಸದ್ದಿಗೆ ಆಕಾಶದ ಹಕ್ಕಿಗಳು ದಾರಿ ಬದಲಿಸಿದವು. ಅಕ್ಕ ಮುಂದೆ, ಅವಳ ಹಿಂದೆ ಒಂದು ಹೆಜ್ಜೆ ಬಿಟ್ಟು ಕಾರ್ಯದರ್ಶಿ, ಕಂಕುಳಲ್ಲಿ ಕಡತ. ಕಡತದೊಳಗೆ ಹಾಳೆಯ ಪ್ರತಿ. ಅದು ಬೆಚ್ಚಗಿದ್ದ ಹಾಗೆ, ಮೊಟ್ಟೆಯ ಹಾಗೆ, ಅವನ ಪಕ್ಕೆಗೆ ತಾಗುತ್ತಿತ್ತು. ಚಿಕ್ಕವನಿದ್ದಾಗ ಶಾಲೆಯಲ್ಲಿ ಒಮ್ಮೆ ಮೇಷ್ಟರು ಬೋರ್ಡಿನ ಮೇಲೆ ತಪ್ಪು ಉತ್ತರ ಬರೆಸಿದ್ದರು, ಅವನಿಗೆ ತಪ್ಪೆಂದು ಗೊತ್ತಿತ್ತು, ಆದರೂ ಎಷ್ಟು ದುಂಡಗೆ ಬರೆದನೆಂದರೆ ಮೇಷ್ಟರು ಅಳಿಸಲು ಮನಸ್ಸಾಗದೆ ಎರಡು ದಿನ ಬಿಟ್ಟಿದ್ದರು, ಇಡೀ ತರಗತಿ ಅದನ್ನೇ ಬಾಯಿಪಾಠ ಮಾಡಿತ್ತು. ಆಗ ಹೆಮ್ಮೆಪಟ್ಟಿದ್ದ. ಈಗ ಅದೇ ನೆನಪು ತಿರುಗಿ ನಿಂತು ಮುಖ ತೋರಿಸಿತು. ಪಕ್ಕಕ್ಕೆ ಬಂದ ಹಾಸಿಗೆ ಮಾವ ಮೆಲ್ಲಗೆ, ಅಕ್ಕನಿಗೆ ಹೇಳಿದೆಯಾ ಎಂದು ಕೇಳಿದ. ಇಲ್ಲ. ಹಾಗಿದ್ರೆ ಹೇಳಬೇಡ, ಆ ಹಾಳೆ ಯಾರು ಓದಿರ್ತಾರೆ, ನಾವು ಇಪ್ಪತ್ತು ವರ್ಷದಿಂದ ಕೊಟ್ಟ ಕಾಗದ ಅವರು ಒಂದಾದ್ರೂ ಓದಿದಾರಾ ಎಂದು ಮಾವ ಧೈರ್ಯ ಹೇಳಿದ. ನಗರಸಭೆಯ ಮೆಟ್ಟಿಲು ನಾಲ್ಕು ಸಾವಿರವಿದ್ದಿರಬೇಕು. ಅಷ್ಟನ್ನೂ ಅಕ್ಕ ಒಂದೇ ಸಮನೆ ಹತ್ತಿದಳು, ಉಳಿದವರು ಮೊದಲ ತಿರುವಿನಲ್ಲೇ ಕಟಕಟೆ ಹಿಡಿದು ಏದುಸಿರು ಬಿಡುತ್ತ, ಐದು ನಿಮಿಷದಲ್ಲಿ ಲಾರಿ ಖಾಲಿ ಮಾಡುವ ಶೂರರು, ಒಬ್ಬರನ್ನೊಬ್ಬರು ನೋಡದೆ ನಿಂತರು.

ಮೇಲಿನ ಕೋಣೆಯಲ್ಲಿ ಉದ್ದ ಮೇಜು, ಅದರಾಚೆ ಸಮಿತಿಯ ಐವರು, ನಡುವೆ ಕನ್ನಡಕ ಒರೆಸುತ್ತ ಕೂತ ಹಿರಿಯರು. ಮೂಲೆಯಲ್ಲಿ ಎಂಜಿನಿಯರ್. ತಲೆ ಇಲ್ಲವೆಂದು ನಾವು ಠರಾವು ಮಾಡಿದ್ದ ಆ ಮನುಷ್ಯ ಇಷ್ಟು ಎಳೆಯ ವಯಸ್ಸಿನವನೆಂದು ಯಾರಿಗೂ ಗೊತ್ತಿರಲಿಲ್ಲ. ತಲೆ ಇತ್ತು, ಎಣ್ಣೆ ಹಾಕಿ ಬಾಚಿದ್ದು, ಅದರ ಕೆಳಗೆ ನಿದ್ದೆಗೆಟ್ಟ ಎರಡು ಕಣ್ಣು. ಅಕ್ಕ ಎದ್ದು ನಿಂತಳು. ಅವಳು ಮಾತಾಡಿದ ಆ ಎರಡು ಮುಕ್ಕಾಲು ನಿಮಿಷ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಮರೆತಿತ್ತು ಎಂದರೆ ನಂಬಬೇಕು. ಗಾಜಿನ ಹಾಳೆಯನ್ನು ಲಾರಿಯಿಂದ ಹೇಗೆ ಸಡಿಲಿಸುತ್ತಾರೆ, ಎರಡು ಜನ ಹೇಗೆ ಉಸಿರು ಹೊಂದಿಸಿಕೊಳ್ಳುತ್ತಾರೆ, ಬೀದಿಯಲ್ಲಿ ಒಂದು ಹಾರ್ನು ಕೇಳಿದರೆ ಹೇಗೆ ನಿಂತಲ್ಲೇ ನಿಲ್ಲಬೇಕಾಗುತ್ತದೆ ಎಂಬುದನ್ನು ಹೇಳಿದಳು. ಕಳೆದ ವರ್ಷ ಇಳಿಸಿದ ಲಾರಿಗಳು ಮೂವತ್ತೊಂದು, ಒಡೆದ ಹಾಳೆ ಎರಡು. ಸಮಿತಿಯಲ್ಲಿದ್ದ ಒಬ್ಬ ಹೆಂಗಸು ತನಗರಿವಿಲ್ಲದೆ ಎರಡೂ ಅಂಗೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು, ನಡುವೆ ಒಂದು ಗಾಜು ಇರುವ ಹಾಗೆ. ಗುಡಿಸುವ ಮಾತಿಗೆ ಹಿರಿಯರು ನಕ್ಕೇಬಿಟ್ಟರು. ಗೆದ್ದೆವು ಎಂದುಕೊಂಡ ಕಾರ್ಯದರ್ಶಿ. ಮಾವ ಹೇಳಿದ್ದು ಸರಿ, ಯಾರೂ ಓದಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಅವನು ಸರ್ಕಾರದ ಸೋಮಾರಿತನಕ್ಕೆ ಮನಸಾರೆ ಕೈಮುಗಿದ.

ಎಂಜಿನಿಯರ್ ಎದ್ದು ಒಂದು ಹಾಳೆಯನ್ನು ಬೆಳಕಿಗೆ ಹಿಡಿದ. "ಹದಿನಾಲ್ಕನೇ ಸಾಲು," ಎಂದ. "ಗಾಜಿನ ಅಂಗಡಿ. ಐದು ನಿಮಿಷ. ಇದು ನಿಮ್ಮ ಸಂಘವೇ ಕೊಟ್ಟಿದ್ದು ಮೇಡಂ." ದನಿಯಲ್ಲಿ ಜಯವಿರಲಿಲ್ಲ, ಅದೇ ಕೆಟ್ಟದ್ದು. ತಾನು ಈ ಕಚೇರಿಗೆ ಬಂದು ಎರಡು ವರ್ಷವಾಯಿತು, ನಿಯಮ ಮಾಡುವ ಮೊದಲು ಅಂಗಡಿಯವರನ್ನು ಕೇಳಬೇಕೆಂದು ಹಟ ಮಾಡಿ ಈ ಸಮೀಕ್ಷೆ ಮಾಡಿಸಿದ್ದು ತಾನೇ, ಒಂದು ಬೆಳಿಗ್ಗೆಗೆ ಹೆಚ್ಚೆಂದರೆ ಆರು ಲಾರಿ, ಒಂದೊಂದಕ್ಕೆ ಐದು ನಿಮಿಷ, ಹಾಗಾಗಿ ಅರ್ಧ ಗಂಟೆ, ಎಂದು ಅವನು ಸಮಿತಿಗೆ ವಿವರಿಸಿದ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಹೇಳಿದ್ದನ್ನೇ ನಂಬಿದೆ. ನಂಬಬಾರದಿತ್ತಾ?" ಎಂದ. ಅಕ್ಕ ಕೈಚಾಚಿ ಹಾಳೆ ತೆಗೆದುಕೊಂಡಳು. ಕಾರ್ಯದರ್ಶಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ತಲೆ ಕಾಲಮ್ಮಿನ ಮೇಲಿನಿಂದ ಕೆಳಗೆ, ನಿಧಾನವಾಗಿ, ಒಂದೊಂದು ಐದರ ಮೇಲೂ ನಿಂತು ಇಳಿಯಿತು. ಆ ಅಕ್ಷರದ ಗುರುತು ಅವಳಿಗೆ ತನ್ನ ಮುಖದ ಗುರುತಿನಷ್ಟೇ ಇತ್ತು. ತಿರುಗಿ ನೋಡಲಿಲ್ಲ. ಒಂದು ಸಲ ನೋಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಸಿಕೊಳ್ಳಲು ಅವನು ಬೆಳಗಿನಿಂದ ಸಿದ್ಧನಾಗಿದ್ದ, ಈ ಬೆನ್ನಿಗೆ ಸಿದ್ಧನಾಗಿರಲಿಲ್ಲ.

"ಇದು ಸಂಘದ ಕಾಗದ," ಎಂದಳು ಅಕ್ಕ. "ಸಂಘದ ಕಾಗದ ಅಂದ್ರೆ ನಂದೇ. ಇದ್ರಲ್ಲಿರೋದು ತಪ್ಪು."

"ತಪ್ಪೋ, ಸುಳ್ಳೋ?" ಹಿರಿಯರು ಕನ್ನಡಕ ಹಾಕಿಕೊಂಡು ಕೇಳಿದರು. ಸುಳ್ಳಾದರೆ ಈಗ ಹೇಳಿದ ಎರಡೂವರೆ ಗಂಟೆಯನ್ನು ಯಾಕೆ ನಂಬಬೇಕು ಎಂಬುದು ಆ ಪ್ರಶ್ನೆಯ ಬಾಲದಲ್ಲಿತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಯಾವ ಕಚೇರಿಯನ್ನೂ ಮೌನದಿಂದಲೇ ಬಗ್ಗಿಸಿದ ಅಕ್ಕ ಮೊದಲ ಸಲ ಬೇರೆ ಥರದ ಮೌನದಲ್ಲಿ ನಿಂತಿದ್ದಳು. ಅವಳು ಸುಳ್ಳೆಂದರೆ ಅಂಗಡಿ ಹೋಯಿತು, ತಪ್ಪೆಂದರೆ ಯಾರ ತಪ್ಪೆಂಬ ಪ್ರಶ್ನೆ; ಅವನ ಹೆಸರು ಅವಳ ಬಾಯಿಯೊಳಗಿತ್ತು, ಅವಳು ಹಲ್ಲು ಕಚ್ಚಿಕೊಂಡಿದ್ದಳು. ಕಾರ್ಯದರ್ಶಿ ಎದ್ದದ್ದು ಧೈರ್ಯದಿಂದಲ್ಲ. ಕೂತಿರಲು ಆಗಲಿಲ್ಲ, ಅಷ್ಟೇ. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿದ್ದು ಪಾತ್ರೆಯವನ ಕಾಲ ಮೇಲೆ ಕೂತಿತು, ಆ ಗಲಾಟೆಯಲ್ಲಿ ಅವನ ಮೊದಲ ಮಾತು ಯಾರಿಗೂ ಕೇಳಿಸದೆ ಎರಡನೆಯ ಸಲ ಹೇಳಬೇಕಾಯಿತು. ಒಂದು ಸಲ ಮಾನ ಕಳೆದುಕೊಳ್ಳುವುದೇ ಕಷ್ಟ. ಅವನ ಪಾಲಿಗೆ ಅದನ್ನು ಪುನರಾವರ್ತಿಸುವ ಭಾಗ್ಯ.

"ನಾನು ಬರೆದಿದ್ದು ಸಾರ್. ಅಕ್ಕ ಆವತ್ತು ಊರಲ್ಲೇ ಇರ್ಲಿಲ್ಲ. ನಾನು ಕೇಳ್ಲಿಲ್ಲ." ಇಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ಆ ಹೊತ್ತಿಗೆ ಬಾಯಿ ಕೈಯ ಮೇಲೆ ಸೇಡು ತೀರಿಸಿಕೊಳ್ಳುತ್ತಿತ್ತು. ಎಲ್ಲ ಸಾಲಲ್ಲೂ ಐದಿತ್ತು, ನಡುವೆ ಒಂದು ಖಾಲಿ ಇದ್ದರೆ ನೋಡೋಕೆ ಚೆನ್ನಾಗಿರಲಿಲ್ಲ, ಅದಕ್ಕೆ ತುಂಬಿದೆ ಎಂದ. ಸಮಿತಿಯ ಐವರೂ ಅವನನ್ನು ದಿಟ್ಟಿಸಿದರು. ಲಂಚ, ಪಕ್ಷಪಾತ, ಹಗೆತನ ಎಲ್ಲ ಕೇಳಿ ಕಿವಿ ಗಟ್ಟಿಯಾಗಿದ್ದ ಜನ, ಚೆಂದಕ್ಕೆ ಸುಳ್ಳು ಬರೆದವನನ್ನು ಕಂಡದ್ದು ಇದೇ ಮೊದಲು. ಆ ಐದು ಎಲ್ಲಿಂದ ಬಂತು ಎಂದು ಎಂಜಿನಿಯರ್ ಮೆತ್ತಗೆ ಕೇಳಿದ. ಎಲ್ಲರೂ ಜಂಬಕ್ಕೆ ಹೇಳಿದ್ದು, ನಾನು ಕೊನೆಗೆ ಐದಕ್ಕೆ ನಿಲ್ಲಿಸಿದೆ ಎಂದ. "ನಿಮ್ಮದಾದ್ರೂ ಸರಿ ಇದೆಯಾ?" ಕಾರ್ಯದರ್ಶಿ ಕಣ್ಣುಮುಚ್ಚಿದ. ಈ ನಾಲ್ಕು ತಿಂಗಳು ಅವನು ಒಳಗೊಳಗೇ ಆತುಕೊಂಡಿದ್ದ ಒಂದೇ ಗೋಡೆ ಅದು: ಇಡೀ ಹಾಳೆಯಲ್ಲಿ ನನ್ನದೊಂದು ಐದಾದರೂ ನಿಜ. ಈಗ ಅದಕ್ಕೆ ಒರಗಹೋದರೆ ಅಲ್ಲಿ ಗೋಡೆ ಇರಲಿಲ್ಲ. "ನಂದು ಒಂದು ರಟ್ಟಿನ ಡಬ್ಬ ಸಾರ್, ತಿಂಗಳಿಗೊಂದು ಸಲ. ಸೈಕಲ್ ಮೇಲಿಂದ ಕೌಂಟರಿಗೆ ಇಡೋದು. ಐದು ನಿಮಿಷ ಎಲ್ಲಿ, ಅರ್ಧ ನಿಮಿಷಾನೂ ಇಲ್ಲ. ನನ್ನದು ಎಷ್ಟು ಸಣ್ಣ ಅಂಗಡಿ ಅಂತ ಗೊತ್ತಾಗಬಾರದು ಅಂತ..." ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಬೇಕಾದದ್ದೇ. ಇಪ್ಪತ್ತು ವರ್ಷ ಸಂಘದ ಪತ್ರದ ತಲೆಯ ಮೇಲೆ ತನ್ನ ಹೆಸರಿನ ಪಕ್ಕ ಸಗಟು ಮತ್ತು ಚಿಲ್ಲರೆ ವ್ಯಾಪಾರಿ ಎಂದು ಅಚ್ಚು ಹಾಕಿಸಿಕೊಂಡು ಬಂದವನು.

ಆ ನಗು ಮುಗಿಯುವ ಮೊದಲೇ ಹಾಸಿಗೆ ಮಾವ ಎದ್ದ. ಎದ್ದದ್ದು ಭಾರವಾಗಿ, ಎರಡು ಕಂತಿನಲ್ಲಿ. ನಮ್ಮದು ಒಂದು ಗಂಟೆ ಹತ್ತು ನಿಮಿಷ, ಬರ್ಕೊಳ್ಳಿ, ಗೋದಾಮಿನ ಮೆಟ್ಟಿಲು ಕಿರಿದು, ನಡುವೆ ಒಂದು ಸಲ ಆ ಹಾಸಿಗೆ ಮೇಲೇ ಮಲಗಿ ಸುಧಾರಿಸ್ಕೋತೀವಿ ಎಂದ. ಬೀದಿಯ ಪುರಾಣದಲ್ಲಿ ಮಾವ ತನ್ನನ್ನು ತಾನು ಕಡಿಮೆ ಹೇಳಿಕೊಂಡದ್ದು ಇದೊಂದೇ ಸಲ. ಆ ಕ್ಷಣ ಅವನು ಎಂಟಡಿ ಎತ್ತರ ಕಂಡ. ಬಣ್ಣದವನು ಎದ್ದು ನಲವತ್ತು ನಿಮಿಷ ಎಂದ, ಮೊದಲು ಹೇಳಿದ್ದೇ. ಪಾತ್ರೆಯವನು ಒಂದು ಗಂಟೆ ಎಂದ. ಅವನ ಪಕ್ಕದವನು, ಅವನಿಗೆ ಒಂದಾದ್ರೆ ನಂಗೆ ಒಂದೂವರೆ, ನಮ್ಮ ಸರಕು ಅವನದಕ್ಕಿಂತ ತೂಕ ಎಂದ. ಪಾತ್ರೆಯವನು ಮತ್ತೆ ಎದ್ದು ಎರಡು ಎಂದ. ಯಾರೋ ಮೂರು ಗಂಟೆ ಎಂದು ಕೂಗಿದರು. ಹರಾಜು ಈ ಸಲ ಮೇಲ್ಮುಖವಾಗಿ ಹೊರಟಿತ್ತು, ಹೀಗೇ ಬಿಟ್ಟಿದ್ದರೆ ನಮ್ಮ ಬೀದಿಯಲ್ಲಿ ನಿಂತ ಲಾರಿ ಮುಂದಿನ ವರ್ಷ ಹೊರಡುತ್ತಿತ್ತು. ಕಾರ್ಯದರ್ಶಿ ನೋಡುತ್ತ ನಿಂತ. ಅವನಿಗೆ ಅಳು ಮತ್ತು ನಗು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು.

"ಸಾಕು ಕೂತ್ಕೊಳ್ರಪ್ಪಾ," ಎಂದಳು ಅಕ್ಕ. ದನಿ ಏರಿಸಲಿಲ್ಲ, ಇಪ್ಪತ್ತಾರು ಜನ ಕೂತರು. ಅವಳು ಹಾಳೆಯನ್ನು ಮೇಜಿನ ಮೇಲೆ, ಎಂಜಿನಿಯರಿನ ಮುಂದೆ, ನೇರವಾಗಿ ಇಟ್ಟಳು. "ನಂಬಿ ತಪ್ಪು ಮಾಡ್ಲಿಲ್ಲ ನೀವು. ನಮ್ಮನ್ನ ಕೇಳಿದ ಮೊದಲ ಮನುಷ್ಯ ನೀವು, ನಿಮಗೇ ನಾವು ಹೀಗೆ ಮಾಡಿದ್ವಿ. ಇನ್ನು ನಮ್ಮ ಮಾತು ಬರ್ಕೋಬೇಡಿ. ನನ್ನ ಎರಡೂವರೆ ಗಂಟೇನೂ ಬೇಡ. ಬಂದು ಒಂದು ಸ್ಟೂಲ್ ಹಾಕ್ಕೊಂಡು ಕೂತು ನೋಡಿ. ನೋಡಿದ್ದನ್ನ ಬರೀರಿ. ಅದು ಅರ್ಧ ಗಂಟೆ ಅಂತಾದ್ರೆ ಅರ್ಧ ಗಂಟೆ." ಆಮೇಲೆ ಕಾದಳು. ಮೇಜಿನ ಆಚೆಯವರು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿದರು. ಹಿರಿಯರು, ಹದಿನೈದು ದಿನ ನಿಯಮ ತಡೆಹಿಡಿಯುವುದು, ಎಂಜಿನಿಯರ್ ಖುದ್ದಾಗಿ ಪ್ರತಿ ಲಾರಿಯ ಸಮಯ ಅಳೆಯುವುದು, ಆ ಅಳತೆಯ ಮೇಲೆ ಹೊಸದಾಗಿ ಯೋಚಿಸುವುದು ಎಂದು ಬರೆಸಿದರು. ಗೆಲುವಲ್ಲ. ಆದರೆ ಹೆಸರು ಕೆಡಿಸಿಕೊಂಡ ಒಂದು ಸಂಘಕ್ಕೆ ಅದೇ ಕಾಲುಗಂಟೆಯೊಳಗೆ ಮತ್ತೆ ಕಿವಿ ಸಿಕ್ಕಿದ್ದು ಭೂಮಂಡಲದಲ್ಲಿ ಇದೇ ಮೊದಲೆಂದು ನಾವು ಪಂದ್ಯ ಕಟ್ಟಲು ಸಿದ್ಧ.

ಮೆಟ್ಟಿಲಿಳಿಯುವಾಗ ಅವನು ಹಿಂದುಳಿದ. ಕೆಳಗೆ ಅಕ್ಕ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡು ಹತ್ತಿರ ಹೋದ, ಬೈಗುಳ ಸಿಕ್ಕಿದರೆ ಇಂದು ಊಟ ಸೇರುತ್ತದೆ ಎಂಬ ಆಸೆಯಿಂದ ಹೋದ. ಅವಳು ಅವನ ಮುಖ ನೋಡಿ, "ಕಾರ್ಯದರ್ಶಿಗಳೇ, ನಾಡಿದ್ದು ಬೆಳಿಗ್ಗೆ ಏಳಕ್ಕೆ ನಮ್ಮ ಲಾರಿ ಬರುತ್ತೆ. ಬನ್ನಿ. ಒಬ್ಬ ಆಳು ಕಡಿಮೆ ಇದಾನೆ," ಎಂದಳು. ಕಾರ್ಯದರ್ಶಿಗಳೇ. ಬನ್ನಿ. ಇಪ್ಪತ್ತು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ಮರ್ಯಾದೆ ಅದು, ಅದಕ್ಕಿಂತ ಕೆನ್ನೆಗೊಂದು ಕೊಟ್ಟಿದ್ದರೆ ಅವನು ಹಾಡಿಕೊಂಡು ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದ, ಎಲ್ಲವನ್ನೂ, ಡಬ್ಬದ ವಿಷಯವನ್ನೂ. ಅವಳು ಸಾರಿನ ಪಾತ್ರೆ ಹತ್ತಿರಕ್ಕೆಳೆದುಕೊಂಡು, "ನಮ್ಮ ಅಂಗಡಿ ಸಣ್ಣದು ಅಂತ ಇಡೀ ಬೀದಿಗೆ ಗೊತ್ತು, ನಿಮ್ಮೊಬ್ಬರಿಗೆ ಗೊತ್ತಿರಲಿಲ್ಲ," ಎಂದಳು, ಮತ್ತು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಹೇಳಿದ ದಿನ ಬೆಳಿಗ್ಗೆ ಏಳಕ್ಕೆ ಲಾರಿ ಬಂತು. ಎಂಜಿನಿಯರ್ ಎದುರಿನ ಜಗಲಿಯ ಬಳಿ ಸ್ಟೂಲ್ ಹಾಕಿಕೊಂಡು ಮೊಣಕಾಲ ಮೇಲೆ ಪುಸ್ತಕ, ಕೈಯಲ್ಲಿ ಗಡಿಯಾರ ಹಿಡಿದು ಕೂತಿದ್ದ. ಅಕ್ಕ ಕಾರ್ಯದರ್ಶಿಗೆ ದಪ್ಪ ಬಟ್ಟೆಯ ಒಂದು ಜೊತೆ ಕೈಗವಸು ಕೊಟ್ಟು ತೊಟ್ಟುಕೊಳ್ಳಲು ಹೇಳಿ, ಹೇಗೆ ಹಿಡಿಯಬೇಕೆಂದು ಎರಡೇ ಮಾತಿನಲ್ಲಿ ತೋರಿಸಿದಳು. ಗಾಜು ಇಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎದುರಿನ ಅಂಗಡಿಯಿಂದ ನೋಡುತ್ತ, ಅದು ಬೆಳಕಿನಿಂದ ಮಾಡಿದ್ದು, ಬೆಳಕಿನಷ್ಟೇ ತೂಗುತ್ತದೆ ಎಂದುಕೊಂಡಿದ್ದ. ಮೊದಲ ಹಾಳೆಯನ್ನು ಹೇಗೋ ಒಳಗೆ ಸೇರಿಸಿದ. ಎರಡನೆಯದಕ್ಕೆ ಅವನು ಆತುರಪಟ್ಟು ಹೆಜ್ಜೆ ಮುಂದಿಟ್ಟಾಗ ಹಾಳೆ ನಡುವಿನಲ್ಲಿ ಬಿಲ್ಲಿನಂತೆ ಬಾಗಿ ಒಂದು ಸಣ್ಣ ಸದ್ದು ಮಾಡಿತು, ಗಂಟಲು ಸರಿಮಾಡಿಕೊಂಡ ಹಾಗೆ. ಎಲ್ಲರೂ ನಿಂತರು. ಅಕ್ಕ ಆಚೆ ತುದಿಯಿಂದ, ಉಸಿರು ಬಿಡಿ ಎಂದಳು. ಬಿಟ್ಟ. ಹಾಳೆ ನೆಟ್ಟಗಾಯಿತು. ಅಲ್ಲಿಂದ ಮುಂದೆ ಅವನಿಗೆ ಕಾಲವೇ ತಿಳಿಯಲಿಲ್ಲ. ಬೀದಿ ಎಚ್ಚರಗೊಂಡಿತು, ಬಾಗಿಲುಗಳು ಒಂದೊಂದಾಗಿ ತೆರೆದವು, ಪಾತ್ರೆಯವನು ತನ್ನ ಸೈಕಲ್ಲನ್ನು ಬದಿಗೆಳೆದು ದಾರಿ ಬಿಟ್ಟ, ಮಾವ ಹಾರ್ನು ಹೊಡೆಯಹೊರಟ ಒಂದು ಕಾರಿನ ಮುಂದೆ ಹೋಗಿ ಸುಮ್ಮನೆ ನಿಂತ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಆ ಕೈ ಬೇರೆಯವರದ್ದೋ ತನ್ನದೋ ಎಂದು ಕೇಳಿಕೊಳ್ಳಲು ಪುರುಸೊತ್ತೂ ಇರಲಿಲ್ಲ.

ಎಷ್ಟನೆಯ ಹಾಳೆಯೋ, ಅದನ್ನು ಹೊತ್ತು ಬೀದಿಯ ನಡುವೆ ಬಂದಾಗ ಎಂಜಿನಿಯರ್ ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಬಂದ. ಪುಸ್ತಕದಲ್ಲಿ ಮುಂದಿನ ಲಾರಿಯ ಸಮಯ ಹೊಂದಿಸಬೇಕಿತ್ತೋ ಏನೋ, ಇನ್ನೆಷ್ಟು ಹೊತ್ತು ಬೇಕಾಗಬಹುದು ಎಂದು ಕಾರ್ಯದರ್ಶಿಯನ್ನೇ ಕೇಳಿದ. ಕಾರ್ಯದರ್ಶಿಯ ಬಾಯಿ ಅಭ್ಯಾಸದಿಂದ ತೆರೆದುಕೊಂಡಿತು. ಗಾಜಿನಾಚೆ ಅಕ್ಕನ ಮುಖ ಕಾಣುತ್ತಿತ್ತು, ಅದರ ಮೇಲೆ ಬೀದಿಯ ಅಂಗಡಿಗಳೆಲ್ಲ ತೆಳ್ಳಗೆ ಮೂಡಿದ್ದವು, ಅವಳು ತನ್ನನ್ನು ನೋಡುತ್ತಿದ್ದಾಳೋ ಬೀದಿಯನ್ನೋ ಎಂದು ತಿಳಿಯುವ ಹಾಗಿರಲಿಲ್ಲ.

"ಗೊತ್ತಿಲ್ಲ ಸಾರ್," ಎಂದ. "ಇಳಿಸಿ ಮುಗಿದ ಮೇಲೆ ನಿಮ್ಮ ಗಡಿಯಾರನೇ ಹೇಳುತ್ತೆ."

ಎಂಜಿನಿಯರ್ ತಲೆಯಾಡಿಸಿ ಹಿಂದೆ ಸರಿದ. ಆಚೆ ತುದಿಯಲ್ಲಿ ಅಕ್ಕ ಹಿಡಿತ ಬದಲಿಸಿ, "ಕಲ್ಲಿದೆ, ಎಡಕ್ಕೆ," ಎಂದಳು. ಅವನು ಎಡಕ್ಕೆ ಹೆಜ್ಜೆ ಇಟ್ಟ. ಅವಳೂ ಇಟ್ಟಳು.